ರೆಡ್ ಜಾಕೆಟ್: ಮಾತಿನ ಬಲದಿಂದ ಎಷ್ಟು ನೆಲ ಉಳಿಯಿತು?

ಹಳೆಕಾಗದ:
ಅಮೆರಿಕದ ಮೂಲನಿವಾಸಿಗಳು ಅಂದ ಕೂಡಲೇ ನಮಗೆ ಕುದುರೆ, ಬಿಲ್ಲು, ಗರಿಯ ಕಿರೀಟ ಇಷ್ಟೇ ಕಣ್ಣಮುಂದೆ ಬರುತ್ತವೆ. ಸಿನಿಮಾ ಮಾಡಿದ ಕೆಲಸ ಅದು. ಇವತ್ತು ಸಭೆಯಲ್ಲಿ ಎದ್ದು ನಿಂತು ಮಾತಾಡಿಯೇ ಹೆಸರು ಮಾಡಿದ ಒಬ್ಬನ ಬಗ್ಗೆ ಚರ್ಚೆ ಶುರು ಮಾಡ್ತಿದ್ದೇನೆ. ಸೆನೆಕಾ ಜನಾಂಗದ ಮುಖಂಡ ಸಗೊಯೆವಾಥಾ. ಬಿಳಿಯರು ಇಟ್ಟ ಹೆಸರು ರೆಡ್ ಜಾಕೆಟ್.

ಸುಮಾರು 1750ರ ಹೊತ್ತಿಗೆ ಈಗಿನ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಭಾಗದಲ್ಲಿ ಹುಟ್ಟಿದವನು. ತೋಳದ ಕುಲ. 1830ರ ಜನವರಿ 20ರಂದು ಬಫಲೋ ಊರಿನ ಪಕ್ಕದ ಬಫಲೋ ಕ್ರೀಕ್‌ನಲ್ಲಿ ತೀರಿಕೊಂಡ. ಸೆನೆಕಾ ಜನ ಇರೊಕ್ವಾಯ್ ಒಕ್ಕೂಟದ ಆರು ಜನಾಂಗಗಳಲ್ಲಿ ಒಬ್ಬರು. ಉಳಿದವರು ಮೋಹಾಕ್, ಒನೈಡಾ, ಒನೊಂಡಾಗಾ, ಕಯೂಗಾ, ಟಸ್ಕರೋರಾ. ಒಕ್ಕೂಟವನ್ನು ಅವರು ಒಂದು ಉದ್ದನೆಯ ಮನೆ ಅಂತ ಭಾವಿಸುತ್ತಾರೆ. ಆ ಮನೆಯ ಪಡುವಣ ಬಾಗಿಲು ಕಾಯುವವರು ಸೆನೆಕಾ.

ನನ್ನ ಪ್ರಶ್ನೆ ಇದು. ಈತ ಸುಮಾರು ನಲವತ್ತು ವರ್ಷ ಭೂಮಿ ಕೊಡುವುದಿಲ್ಲ, ಧರ್ಮ ಬಿಡುವುದಿಲ್ಲ ಅಂತ ವಾದಿಸಿದ. ಆದರೂ ಭೂಮಿ ಹೋಯಿತು. ಹಾಗಾದರೆ ಅಷ್ಟೊಂದು ಮಾತಿನಿಂದ ಆದದ್ದೇನು?

ಕೆಂಪುಛತ್ರಿ:
ಮೊದಲು ಆ ಜಾಕೆಟ್ ಕಥೆ ಹೇಳಿ ಸರ್.

ಹಳೆಕಾಗದ:
ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೆನೆಕಾದವರು ಬ್ರಿಟಿಷರ ಕಡೆ ಇದ್ದರು. ಈತ ಓಟಗಾರ. ಸುದ್ದಿ ಮುಟ್ಟಿಸುವ ಕೆಲಸ. ಅದಕ್ಕೆ ಮೆಚ್ಚಿ ಬ್ರಿಟಿಷ್ ಅಧಿಕಾರಿಗಳು ಕೆಂಪು ಕೋಟು ಕೊಟ್ಟರು. ಹರಿದು ಹೋದರೆ ಇನ್ನೊಂದು ಬರುತ್ತಿತ್ತಂತೆ. ಹೆಸರು ಅಂಟಿಕೊಂಡಿತು.

ಗಡಿನಾಡಿನವ:
ಅವನಿಗೆ ಇನ್ನೊಂದು ಹೆಸರೂ ಅಂಟಿಕೊಂಡಿತ್ತು. ಅದನ್ನೂ ಹೇಳಬೇಕಲ್ವಾ? ‘ಹಸು ಕೊಂದವನು’. ಎಲ್ಲರನ್ನೂ ಯುದ್ಧಕ್ಕೆ ಹುರಿದುಂಬಿಸಿ ಕಳಿಸಿ, ತಾನು ಹಿಂದೆ ಉಳಿದು ಪಕ್ಕದವರ ಹಸು ಕಡಿದ ಅನ್ನೋ ಆರೋಪ. ಮೋಹಾಕ್ ಮುಖಂಡ ಜೋಸೆಫ್ ಬ್ರ್ಯಾಂಟ್ ಇದನ್ನು ಬಹಿರಂಗವಾಗಿಯೇ ಎತ್ತಿ ಆಡುತ್ತಿದ್ದ. 1777ರ ಒರಿಸ್ಕನಿ ಕಾಳಗದಿಂದ ಓಡಿ ಬಂದ ಅನ್ನೋ ಮಾತೂ ಇದೆ. ಹೀರೋ ಮಾಡುವ ಮೊದಲು ಇದನ್ನೂ ತಕ್ಕಡಿಗೆ ಹಾಕಿ.

ಕೆರೆದಂಡೆ:
ತಕ್ಕಡಿಗೆ ಹಾಕೋಣ. ಆದರೆ ಒರಿಸ್ಕನಿಯಲ್ಲಿ ಏನಾಯ್ತು ಅಂತಲೂ ನೋಡಿ. ಬ್ರಿಟಿಷರ ಮಾತು ನಂಬಿ ಹೋದ ಸೆನೆಕಾದವರು ಒಂದೇ ದಿನ ತಮ್ಮ ಎಷ್ಟೋ ಮುಖಂಡರನ್ನು ಕಳೆದುಕೊಂಡರು. ಅದೂ ಎದುರಿಗೆ ಒನೈಡಾದವರು ಅಮೆರಿಕನ್ನರ ಪರ ನಿಂತು ಹೊಡೆದಾಡುತ್ತಿದ್ದರು. ಅಂದರೆ ಒಂದೇ ಒಕ್ಕೂಟದ ಅಣ್ಣತಮ್ಮಂದಿರು. ಇದು ನಮ್ಮ ಜಗಳ ಅಲ್ಲ, ಇಬ್ಬರು ಬಿಳಿಯರ ಜಗಳ ಅಂತ ಒಬ್ಬ ಯುವಕನಿಗೆ ಅನ್ನಿಸಿದರೆ ಅದು ಹೇಡಿತನವಾ? ನನಗಂತೂ ಹಾಗನ್ನಿಸುವುದಿಲ್ಲ.

ಆ ಜಗಳದ ಬೆಲೆ ತೆತ್ತವರು ಯಾರು ಗೊತ್ತಾ? 1779ರಲ್ಲಿ ವಾಷಿಂಗ್ಟನ್ ಆಜ್ಞೆಯಂತೆ ಜನರಲ್ ಸಲಿವನ್ ಸೈನ್ಯ ಇರೊಕ್ವಾಯ್ ನಾಡಿಗೆ ನುಗ್ಗಿತು. ಸುಮಾರು 40 ಹಳ್ಳಿ ಸುಟ್ಟರು. ಮೆಕ್ಕೆಜೋಳದ ಹೊಲ, ಕೂಡಿಟ್ಟ ಕಾಳು, ಹಣ್ಣಿನ ಮರ, ಯಾವುದನ್ನೂ ಬಿಡಲಿಲ್ಲ. ಜನ ನಯಾಗರಾ ಕೋಟೆಯ ಹತ್ತಿರ ಹೋಗಿ ಬ್ರಿಟಿಷರು ಕೊಡುವ ರೇಷನ್ ಮೇಲೆ ಚಳಿಗಾಲ ಕಳೆದರು. ಹಸಿವು, ಚಳಿ ಎರಡಕ್ಕೂ ತುಂಬಾ ಜನ ಸತ್ತರು.

ಹನ್ನೊಂದು ವರ್ಷದ ನಂತರ ಕಾರ್ನ್‌ಪ್ಲಾಂಟರ್ ಅನ್ನೋ ಇನ್ನೊಬ್ಬ ಸೆನೆಕಾ ಮುಖಂಡ ಅಧ್ಯಕ್ಷ ವಾಷಿಂಗ್ಟನ್‌ಗೆ ನೇರವಾಗಿಯೇ ಹೇಳಿದ: ನಿಮ್ಮನ್ನು ನಾವು ಊರು ಹಾಳು ಮಾಡುವವನು ಅಂತ ಕರೆಯುತ್ತೇವೆ, ಆ ಹೆಸರು ಕೇಳಿದರೆ ಇವತ್ತಿಗೂ ನಮ್ಮ ಹೆಂಗಸರು ಹಿಂದಿರುಗಿ ನೋಡಿ ಬಿಳಿಚಿಕೊಳ್ಳುತ್ತಾರೆ, ಮಕ್ಕಳು ತಾಯಿಯ ಕುತ್ತಿಗೆ ಅಪ್ಪಿಕೊಳ್ಳುತ್ತಾರೆ. ದೇಶದ ಅಧ್ಯಕ್ಷನ ಮುಂದೆ ಹೀಗೆ ಮಾತಾಡುವ ಸಂಪ್ರದಾಯ ಇತ್ತು ಅವರಲ್ಲಿ. ರೆಡ್ ಜಾಕೆಟ್ ಆ ಗರಡಿಯಲ್ಲಿ ಪಳಗಿದವನು.

ಸುಮ್ನೆಓದುಗ:
ಈತ ರಾಜನಾ? ವಂಶದಿಂದ ಬಂದ ಪಟ್ಟವಾ?

ನೇರಳೆಮರ:
ಅಲ್ಲ. ಅವರಲ್ಲಿ ರಾಜ ಇಲ್ಲ. ಒಕ್ಕೂಟದ ಸಭೆಗೆ ಹೋಗುವ ಹಿರಿಯ ಮುಖಂಡರ ಪಟ್ಟಗಳು ಕುಲಕ್ಕೆ ಸೇರಿದ್ದು. ಕುಲ ತಾಯಿಯ ಕಡೆಯಿಂದ ನಡೆಯುತ್ತದೆ. ಯಾರಿಗೆ ಪಟ್ಟ ಅಂತ ಹೇಳುವವರು ಕುಲದ ಹಿರಿಯ ಹೆಂಗಸರು. ತಪ್ಪು ಮಾಡಿದರೆ ಇಳಿಸುವವರೂ ಅವರೇ. ಇದರ ಜೊತೆಗೆ ಯೋಗ್ಯತೆ ನೋಡಿ ಕೊಡುವ ಸ್ಥಾನವೂ ಇತ್ತು. ಅದಕ್ಕೆ ‘ಪೈನ್ ಮರದ ಮುಖಂಡ’ ಅನ್ನುತ್ತಾರೆ. ರೆಡ್ ಜಾಕೆಟ್ ಮೇಲೆ ಬಂದದ್ದು ಹಾಗೆ, ಬರೀ ನಾಲಿಗೆಯ ಬಲದಿಂದ.

ಇನ್ನೊಂದು ವಿಷಯ ಯಾರೂ ಹೇಳುವುದೇ ಇಲ್ಲ. 1791ರಲ್ಲಿ ನ್ಯೂಟೌನ್ ಅನ್ನೋ ಕಡೆ ಸರ್ಕಾರದ ಪ್ರತಿನಿಧಿ ಟಿಮೊತಿ ಪಿಕರಿಂಗ್ ಜೊತೆ ಮಾತುಕತೆ ನಡೆಯಿತು. ಅಲ್ಲಿ ಈತ ಹೆಂಗಸರ ಪರವಾಗಿ ಮಾತಾಡಿದ. ಹೊಲ ಹೆಂಗಸರದ್ದು, ಬೆಳೆ ಅವರದ್ದು. ಹಾಗಾಗಿ ನೆಲದ ವಿಷಯದಲ್ಲಿ ಅವರ ಮಾತಿಗೆ ತೂಕ ಜಾಸ್ತಿ. ಆದರೆ ತುಂಬಿದ ಸಭೆಯಲ್ಲಿ ಆ ಮಾತು ಹೇಳಲು ಅವರು ಒಬ್ಬ ಮಾತುಗಾರನನ್ನು ಆರಿಸುತ್ತಿದ್ದರು. ಅವನ ಎಷ್ಟೋ ಭಾಷಣಗಳು ಅವನೊಬ್ಬನದಲ್ಲ. ಒಳಗೆ ಕೂತು ತೀರ್ಮಾನ ಮಾಡಿದವರ ದನಿ ಅದು.

ಲೆಕ್ಕದಪುಸ್ತಕ:
ಹಳೆಕಾಗದ ಸರ್ ಕೇಳಿದ ಪ್ರಶ್ನೆಗೆ ಬರ್ತೇನೆ. ಎಷ್ಟು ನೆಲ ಹೋಯಿತು, ಹೇಗೆ ಹೋಯಿತು. ನಾನು ಕಾನೂನು ಓದಿದವಳು, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಯುದ್ಧ ಮುಗಿದ ಮೇಲೆ ಈ ಜಾಗ ನಮ್ಮದು ಅಂತ ಮ್ಯಾಸಚೂಸೆಟ್ಸ್ ಮತ್ತು ನ್ಯೂಯಾರ್ಕ್ ಎರಡು ರಾಜ್ಯಗಳೂ ಜಗಳಕ್ಕೆ ಬಿದ್ದವು. 1786ರಲ್ಲಿ ರಾಜಿ ಮಾಡಿಕೊಂಡವು. ಆಡಳಿತ ನ್ಯೂಯಾರ್ಕ್‌ಗೆ. ‘ಮೂಲನಿವಾಸಿಗಳು ಮಾರಿದರೆ ಮೊದಲು ಕೊಳ್ಳುವ ಹಕ್ಕು’ ಮ್ಯಾಸಚೂಸೆಟ್ಸ್‌ಗೆ. ನೆಲದಲ್ಲಿ ಕೂತಿದ್ದ ಸೆನೆಕಾದವರನ್ನು ಯಾರೂ ಕೇಳಲಿಲ್ಲ. ಆಮೇಲೆ ಈ ಹಕ್ಕೇ ಒಂದು ಸರಕಾಯಿತು. ಅದನ್ನು ಕೊಂಡರು, ಮಾರಿದರು, ಅಡ ಇಟ್ಟರು. ಫೆಲ್ಪ್ಸ್ ಮತ್ತು ಗೋರಮ್ ಅನ್ನೋ ಇಬ್ಬರು ಮೊದಲು ಕೊಂಡರು. 1788ರಲ್ಲಿ ಬಫಲೋ ಕ್ರೀಕ್‌ನಲ್ಲಿ ಸುಮಾರು 26 ಲಕ್ಷ ಎಕರೆ ಬರೆಸಿಕೊಂಡರು. ಕೊಟ್ಟದ್ದು 5,000 ಡಾಲರ್, ಮೇಲೆ ವರ್ಷಕ್ಕೆ 500.

ಉಳಿದ ಹಕ್ಕು ರಾಬರ್ಟ್ ಮಾರಿಸ್ ಕೈಗೆ ಬಂತು. ಸ್ವಾತಂತ್ರ್ಯ ಯುದ್ಧಕ್ಕೆ ಹಣ ಹೊಂದಿಸಿದ ದೊಡ್ಡ ಸಾಹುಕಾರ ಇವನೇ. ಅವನು ಆ ಭೂಮಿಯನ್ನು ಆಗಲೇ ಡಚ್ ಬ್ಯಾಂಕರ್‌ಗಳಿಗೆ, ಅಂದರೆ ಹಾಲೆಂಡ್ ಲ್ಯಾಂಡ್ ಕಂಪನಿಯ ಹಿಂದಿದ್ದವರಿಗೆ, ಮಾರಿಬಿಟ್ಟಿದ್ದ. ಸೆನೆಕಾದವರಿಂದ ಬಿಡಿಸಿಕೊಡುವುದು ಮಾತ್ರ ಬಾಕಿ. ತನ್ನ ಕೈಗೆ ಬಾರದ್ದನ್ನು ಮಾರಿ, ಸಾಲದಲ್ಲಿ ಮುಳುಗಿ, ಸೆರೆಮನೆಯ ಬಾಗಿಲಲ್ಲಿ ನಿಂತಿದ್ದ. (1798ರಲ್ಲಿ ನಿಜವಾಗಿಯೂ ಸೆರೆ ಸೇರಿದ.) ಈ ಅವಸರದಲ್ಲಿ 1797ರ ಬಿಗ್ ಟ್ರೀ ಒಪ್ಪಂದ ಆಯಿತು.

ಮಾರಿಸ್ ಮಗ ಥಾಮಸ್ ಮಾತುಕತೆಗೆ ಬಂದ. ರೆಡ್ ಜಾಕೆಟ್ ಕೊಡುವುದಿಲ್ಲ ಅಂತ ಪಟ್ಟು ಹಿಡಿದ. ಕೊನೆಗೆ ಸಭೆಯ ಬೆಂಕಿ ಆರಿತು, ಮಾತು ಮುಗಿಯಿತು ಅಂತ ಘೋಷಿಸಿಬಿಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಆಗ ಫಾರ್ಮರ್ಸ್ ಬ್ರದರ್ ಅನ್ನೋ ಇನ್ನೊಬ್ಬ ಮುಖಂಡ ಒಂದು ಸಂಪ್ರದಾಯ ಎತ್ತಿದ. ಬೆಂಕಿ ಹೊತ್ತಿಸಿದವನೇ ಅದನ್ನು ಆರಿಸಬೇಕು. ಹೊತ್ತಿಸಿದವನು ಮಾರಿಸ್, ರೆಡ್ ಜಾಕೆಟ್ ಅಲ್ಲ. ಸಭೆ ಮತ್ತೆ ತೆರೆಯಿತು. ಥಾಮಸ್ ಮಾರಿಸ್ ಈ ಸಲ ನೇರವಾಗಿ ಹೆಂಗಸರ ಹತ್ತಿರ ಹೋದ. ಹಸು ಕೊಡ್ತೇನೆ, ಉಡುಗೊರೆ ಕೊಡ್ತೇನೆ, ಮಾರಿದರೆ ನಿಮ್ಮ ಕಷ್ಟ ತೀರುತ್ತೆ ಅಂದ. ಹೆಂಗಸರು, ಯೋಧರು ಸೇರಿ ಮಾತುಕತೆಯನ್ನು ಹಿರಿಯ ಮುಖಂಡರ ಕೈಯಿಂದ ತೆಗೆದುಕೊಂಡರು.

ಸೆಪ್ಟೆಂಬರ್ 15ರಂದು ಸಹಿ ಬಿತ್ತು. 35 ಲಕ್ಷ ಎಕರೆಯ ಆಸುಪಾಸು ಹೋಯಿತು. ಬೆಲೆ ಒಂದು ಲಕ್ಷ ಡಾಲರ್. ಅದೂ ಕೈಗಲ್ಲ, ಬ್ಯಾಂಕ್ ಷೇರಿನಲ್ಲಿ ಹೂಡಿ ಬಡ್ಡಿ ಕೊಡುವ ಲೆಕ್ಕ. ಸೆನೆಕಾದವರಿಗೆ ಉಳಿದದ್ದು ಚದುರಿದ ಮೀಸಲು ಜಾಗಗಳು, ಒಟ್ಟು ಸುಮಾರು 2 ಲಕ್ಷ ಎಕರೆ. ಸಹಿ ಹಾಕಿದವರಲ್ಲಿ ರೆಡ್ ಜಾಕೆಟ್ ಹೆಸರೂ ಇದೆ.

ಗಡಿನಾಡಿನವ:
ಅದನ್ನೇ ನಾನು ಹೇಳುತ್ತಿದ್ದದ್ದು. ವಿರೋಧಿಸಿ ಭಾಷಣ ಮಾಡಿದ, ಆಮೇಲೆ ಸಹಿ ಹಾಕಿದ. ಮುಖಂಡರಿಗೆ ಒಳಗೊಳಗೆ ನಗದು, ವರ್ಷಾಶನ ಸಿಕ್ಕಿತು. ಅವನೂ ಅದರಲ್ಲಿದ್ದ. ಇದಕ್ಕೇನಂತೀರಿ?

ನೇರಳೆಮರ:
ಸಿಕ್ಕಿತು, ಹೌದು. ಆದರೆ ಎಲ್ಲರೂ ಮಾರುವುದು ಅಂತ ತೀರ್ಮಾನಿಸಿದ ಮೇಲೆ ಒಬ್ಬನೇ ಹೊರಗೆ ನಿಂತರೆ ಅವರ ರೀತಿಯಲ್ಲಿ ಅದು ಗೌರವದ ಕೆಲಸ ಅಲ್ಲ. ಬಹುಮತ, ಅಲ್ಪಮತ ಅಂತ ಲೆಕ್ಕ ಹಾಕುವ ಪದ್ಧತಿ ಅಲ್ಲಿ ಇರಲಿಲ್ಲ. ಒಮ್ಮತ ಬರುವವರೆಗೆ ಮಾತಾಡಬೇಕು, ಬಂದ ಮೇಲೆ ಎಲ್ಲರೂ ಅದಕ್ಕೆ ಬದ್ಧ. ಹಣ ತಗೊಂಡದ್ದು ಬೇರೆ. ಅದನ್ನು ನಾನು ಸಮರ್ಥಿಸುವುದಿಲ್ಲ.

ಹೆಂಗಸರ ಮೇಲೆ ತಪ್ಪು ಹೊರಿಸುವವರೂ ಒಂದು ನಿಮಿಷ ನಿಲ್ಲಿ. ಊರು ಸುಟ್ಟು, ಬೇಟೆ ಕಡಿಮೆಯಾಗಿ, ಮಕ್ಕಳಿಗೆ ಬಟ್ಟೆ ಇಲ್ಲದ ಹೊತ್ತಲ್ಲಿ ಹಸು ಕೊಡ್ತೇನೆ ಅಂತ ಬಂದವನ ಮಾತನ್ನು ಯಾರು ತಳ್ಳಿಹಾಕ್ತಾರೆ?

ತಟ್ಟೆಇಡ್ಲಿ_ರಾಚೆಸ್ಟರ್:
ನಾನು ಇರೋದು ಈ ಜಾಗದಲ್ಲೇ, ರಾಚೆಸ್ಟರ್ ಹತ್ತಿರ. ಇಲ್ಲಿಗೆ ಬಂದು ಎಷ್ಟೋ ಕಾಲ ಕ್ಯಾನನ್‌ಡೈಗ್ವಾ ಅಂದರೆ ಒಂದು ಕೆರೆ, ಬೇಸಿಗೆಯಲ್ಲಿ ದೋಣಿ, ಅಷ್ಟೇ ಅಂದುಕೊಂಡಿದ್ದೆ. ಊರ ಕೋರ್ಟಿನ ಮುಂದೆ ಒಂದು ದೊಡ್ಡ ಬಂಡೆ ಇದೆ. 1794ರ ನವೆಂಬರ್ 11ರ ಒಪ್ಪಂದದ ನೆನಪಿಗೆ ಇಟ್ಟದ್ದು. ಪ್ರತಿ ವರ್ಷ ಅದೇ ದಿನ ಇರೊಕ್ವಾಯ್ ಜನ ಅಲ್ಲಿ ಸೇರುತ್ತಾರೆ. ಮೆರವಣಿಗೆ, ಮಾತು ಎಲ್ಲ ಇರುತ್ತೆ.

ಆ ಒಪ್ಪಂದದಲ್ಲಿ ರೆಡ್ ಜಾಕೆಟ್ ಮುಖ್ಯ ಮಾತುಗಾರ. ಸರ್ಕಾರದ ಕಡೆ ಮತ್ತೆ ಪಿಕರಿಂಗ್. ಸಾವಿರದ ಆರುನೂರಕ್ಕೂ ಹೆಚ್ಚು ಮೂಲನಿವಾಸಿಗಳು ಸೇರಿದ್ದರು. ಮೋಸ ಆಗದ ಹಾಗೆ ನೋಡಿಕೊಳ್ಳಲು ಕ್ವೇಕರ್ ಪಂಥದವರನ್ನು ಸಾಕ್ಷಿಗೆ ಕರೆಸಿದ್ದರು. ಈ ನೆಲ ಸೆನೆಕಾದವರದ್ದು, ಅಮೆರಿಕ ಇದನ್ನು ಎಂದೂ ತನ್ನದು ಅನ್ನುವುದಿಲ್ಲ ಅಂತ ಅದರಲ್ಲಿ ಬರೆದಿದೆ. ವರ್ಷಕ್ಕೆ 4,500 ಡಾಲರ್ ಬೆಲೆಯ ಸಾಮಾನು ಕೊಡಬೇಕು ಅಂತಲೂ ಇದೆ. ಆ ಲೆಕ್ಕದಲ್ಲಿ ಇವತ್ತಿಗೂ ಬಟ್ಟೆ ಬರುತ್ತದೆ. ತಮಾಷೆ ಅಲ್ಲ, ನಿಜವಾಗಿ ಬರುತ್ತದೆ.

ಕೆಂಪುಛತ್ರಿ:
ಈ ಕಾಲದಲ್ಲಿ ಬಟ್ಟೆನಾ?! ಇದರ ಬಗ್ಗೆ ಇನ್ನಷ್ಟು ಬರೀರಿ ಪ್ಲೀಸ್.

ತಟ್ಟೆಇಡ್ಲಿ_ರಾಚೆಸ್ಟರ್:
ಬರೀತೀನಿ, ರಾತ್ರಿ. ಈಗ ಆಫೀಸು.

ಕೆರೆದಂಡೆ:
ಅಷ್ಟರಲ್ಲಿ 1805ರ ಭಾಷಣದ ಬಗ್ಗೆ ಹೇಳಿಬಿಡ್ತೇನೆ. ಅವನು ಹೆಸರಾಗಿರುವುದೇ ಅದರಿಂದ.

ಬಾಸ್ಟನ್ ಕಡೆಯ ಒಂದು ಮಿಷನ್ ಸಂಘ ಜೇಕಬ್ ಕ್ರ್ಯಾಮ್ ಅನ್ನೋ ಪಾದ್ರಿಯನ್ನು ಬಫಲೋ ಕ್ರೀಕ್‌ಗೆ ಕಳಿಸಿತು. ಆತ ಬಂದು ಹೇಳಿದ್ದು: ದೇವರನ್ನು ಪೂಜಿಸುವುದಕ್ಕೆ ಇರುವುದು ಒಂದೇ ದಾರಿ, ನೀವು ಇಷ್ಟು ದಿನ ಕತ್ತಲಲ್ಲಿ ಇದ್ದೀರಿ. ಸೆನೆಕಾ ಮುಖಂಡರು ತಮ್ಮೊಳಗೆ ಮಾತಾಡಿಕೊಂಡು ಬಂದರು. ರೆಡ್ ಜಾಕೆಟ್ ಉತ್ತರ ಕೊಟ್ಟ. ಪ್ರತಿ ಮಾತೂ ‘ಅಣ್ಣಾ’ ಅಂತ ಶುರು. ಗಲಾಟೆ ಇಲ್ಲ, ಬೈಗುಳ ಇಲ್ಲ.

ಮೊದಲು ಲೆಕ್ಕ ಒಪ್ಪಿಸಿದ. ಒಂದು ಕಾಲಕ್ಕೆ ಈ ದೊಡ್ಡ ದ್ವೀಪ ನಮ್ಮ ಹಿರಿಯರದ್ದಾಗಿತ್ತು. ನೀವು ಸ್ವಲ್ಪ ಜನ ಬಂದಿರಿ, ಕೂರಲು ಜಾಗ ಕೇಳಿದಿರಿ. ನಾವು ಜೋಳ ಕೊಟ್ಟೆವು, ಮಾಂಸ ಕೊಟ್ಟೆವು. ನೀವು ವಿಷ ಕೊಟ್ಟಿರಿ (ಸಾರಾಯಿ ಅಂತ ಅರ್ಥ). ಈಗ ನಮಗೆ ಕಂಬಳಿ ಹಾಸುವಷ್ಟೂ ಜಾಗ ಉಳಿದಿಲ್ಲ. ನಾಡು ಸಿಕ್ಕಿದರೂ ನಿಮಗೆ ಸಾಲಲಿಲ್ಲ, ಧರ್ಮವನ್ನೂ ಹೇರಲು ಬಂದಿದ್ದೀರಿ.

ಆಮೇಲೆ ಪ್ರಶ್ನೆ. ಧರ್ಮ ಒಂದೇ ಅಂತೀರಿ, ಪುಸ್ತಕ ಒಂದೇ ಅಂತೀರಿ, ನಿಮಗೆಲ್ಲ ಓದು ಬರುತ್ತದೆ. ಮತ್ತೆ ನಿಮ್ಮ ನಿಮ್ಮಲ್ಲೇ ಯಾಕೆ ಅಷ್ಟು ಭಿನ್ನಾಭಿಪ್ರಾಯ?

ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಕೊನೆಯ ಭಾಗ. ನೀವು ಇಲ್ಲಿಯ ಬಿಳಿಯರಿಗೂ ಬೋಧನೆ ಮಾಡುತ್ತಿದ್ದೀರಂತೆ. ಅವರು ನಮ್ಮ ನೆರೆಯವರು, ಅವರನ್ನು ನಾವು ಬಲ್ಲೆವು. ಸ್ವಲ್ಪ ಕಾಲ ಕಾಯುತ್ತೇವೆ. ನಿಮ್ಮ ಬೋಧನೆಯಿಂದ ಅವರು ಪ್ರಾಮಾಣಿಕರಾಗಿ, ನಮಗೆ ಮೋಸ ಮಾಡುವುದು ಕಡಿಮೆಯಾದರೆ ಆಗ ನಿಮ್ಮ ಮಾತನ್ನು ಮತ್ತೆ ಯೋಚಿಸುತ್ತೇವೆ.

ಮುಗಿಸಿ ಎಲ್ಲರೂ ಪಾದ್ರಿಯ ಕೈಕುಲುಕಲು ಹೋದರು. ಅವನು ಕೈ ಕೊಡಲಿಲ್ಲವಂತೆ. ದೇವರ ಧರ್ಮಕ್ಕೂ ಸೈತಾನನ ಕೆಲಸಕ್ಕೂ ಸ್ನೇಹ ಸಾಧ್ಯವಿಲ್ಲ ಅಂದನಂತೆ. ಅವರು ನಕ್ಕು ಹೊರಟು ಹೋದರು.

ಸಂಶಯರಾಯ:
ಭಾಷಣ ಚೆನ್ನಾಗಿದೆ. ಆದರೆ ಇದು ಅವನದ್ದೇ ಅಂತ ಹೇಗೆ ಹೇಳ್ತೀರಿ? ಅವನು ಮಾತಾಡಿದ್ದು ಸೆನೆಕಾ ಭಾಷೆಯಲ್ಲಿ. ದುಭಾಷಿಯೊಬ್ಬ ಇಂಗ್ಲಿಷಿನಲ್ಲಿ ಹೇಳಿದ. ಇನ್ನೊಬ್ಬ ಬರೆದುಕೊಂಡ. ಅಚ್ಚಾದದ್ದು ಕೆಲವು ವರ್ಷದ ನಂತರ. ಅಷ್ಟು ಹೊತ್ತಿಗೆ ಎಷ್ಟು ಕೈ ಆಡಿರಬೇಕು! ಈ ಭಾಷಣ ಎಷ್ಟು ಅಸಲಿ ಅಂತ ಇತಿಹಾಸಕಾರರೇ ಪ್ರಶ್ನೆ ಎತ್ತಿದ್ದಾರೆ. ಕಾಡಿನ ಜಾಣ ಮುದುಕ ಹೀಗೇ ಮಾತಾಡಬೇಕು ಅಂತ ಆಗಿನ ಓದುಗರಿಗೆ ಒಂದು ಆಸೆ ಇತ್ತು. ಅದಕ್ಕೆ ತಕ್ಕ ಹಾಗೆ ಯಾರಾದರೂ ಒಪ್ಪ ಹಾಕಿರಬಹುದು.

ನೇರಳೆಮರ:
ಒಂದೊಂದು ಮಾತೂ ಹಾಗೇ ಇದೆ ಅಂತ ಯಾರೂ ಹೇಳುತ್ತಿಲ್ಲ ಸಂಶಯರಾಯರೇ. ಆದರೆ ವಾದದ ರೀತಿ ನೋಡಿ. 1811ರಲ್ಲಿ ಇನ್ನೊಬ್ಬ ಪಾದ್ರಿ ಬಂದಾಗಲೂ, ಅದೇ ವರ್ಷ ಭೂಮಿ ಕೇಳಲು ಭೂ ಕಂಪನಿಯೊಂದರ ಏಜೆಂಟ್ ಬಂದಾಗಲೂ, 1819ರಲ್ಲಿ ಓಗ್ಡೆನ್ ಬಂದಾಗಲೂ ದಾಖಲಾದ ಭಾಷಣಗಳಲ್ಲಿ ಅದೇ ನಡೆ. ಎದುರಿನವನು ಹೇಳಿದ್ದನ್ನು ಮೊದಲು ಪೂರ್ತಿ ನೆನಪಿಸುತ್ತಾನೆ. ಒಪ್ಪಂದ, ಮಾತು ಕೊಟ್ಟ ದಿನ ಎಲ್ಲ ತೆಗೆಯುತ್ತಾನೆ. ಆಮೇಲೆ ಅವರ ಮಾತನ್ನೇ ಅವರ ಮುಂದಿಡುತ್ತಾನೆ. ಬೇರೆ ಬೇರೆ ದುಭಾಷಿ, ಬೇರೆ ಬೇರೆ ಲೇಖಕ. ಎಲ್ಲರೂ ಸೇರಿ ಒಂದೇ ಸ್ವಭಾವ ಕಟ್ಟಿದರು ಅನ್ನೋದು ಕಷ್ಟ.

ಅಂದಹಾಗೆ ಅವನಿಗೆ ಇಂಗ್ಲಿಷ್ ತಕ್ಕಮಟ್ಟಿಗೆ ಅರ್ಥವಾಗುತ್ತಿತ್ತು. ಸಭೆಯಲ್ಲಿ ಆಡುತ್ತಿರಲಿಲ್ಲ, ಅಷ್ಟೇ.

ಸುಮ್ನೆಓದುಗ:
ಈ ಓಗ್ಡೆನ್ ಯಾರು?

ಲೆಕ್ಕದಪುಸ್ತಕ:
ಮೇಲೆ ಹೇಳಿದ ‘ಮೊದಲು ಕೊಳ್ಳುವ ಹಕ್ಕು’ ಇದೆಯಲ್ಲ, ಬಿಗ್ ಟ್ರೀ ನಂತರ ಉಳಿದ ಮೀಸಲು ಜಾಗಗಳ ಮೇಲೂ ಅದು ಜೀವಂತವಾಗಿತ್ತು. 1810ರಲ್ಲಿ ಡೇವಿಡ್ ಓಗ್ಡೆನ್ ಮತ್ತು ಅವನ ಜೊತೆಗಾರರು ಹಾಲೆಂಡ್ ಕಂಪನಿಯಿಂದ ಅದನ್ನು ಕೊಂಡರು. ಸೆನೆಕಾದವರು ಅಲ್ಲಿಂದ ಎದ್ದು ಹೋದರೆ ಮಾತ್ರ ಅವರಿಗೆ ಲಾಭ. ಆದ್ದರಿಂದ ಎಬ್ಬಿಸುವುದೇ ಅವರ ವ್ಯಾಪಾರ. ಪಶ್ಚಿಮಕ್ಕೆ ಹೋಗಿ ಅಂದರು. ಎಲ್ಲರೂ ಒಂದೇ ಮೀಸಲಿಗೆ ಸೇರಿಕೊಳ್ಳಿ ಅಂದರು. 1819ರಲ್ಲಿ ರೆಡ್ ಜಾಕೆಟ್ ಎರಡನ್ನೂ ತಳ್ಳಿಹಾಕಿದ. ಈ ಸಲ ಸಭೆಯೂ ಅವನ ಜೊತೆ ನಿಂತಿತು. ಅಂದರೆ ಬಿಗ್ ಟ್ರೀ ಆದ ಮೇಲೆ ಇಪ್ಪತ್ತೈದು ವರ್ಷದ ಮೇಲೂ ಆ ಮೀಸಲುಗಳು ಹೆಚ್ಚು ಕಡಿಮೆ ಹಾಗೇ ಉಳಿದವು. ಹಳೆಕಾಗದ ಸರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಇಪ್ಪತ್ತೈದು ವರ್ಷದಲ್ಲಿದೆ.

ಒಂದು ಜನಪದ ಕಥೆ ಕೂಡ ಇದೆ, ನಡೆದದ್ದೋ ಕಟ್ಟಿದ್ದೋ. ಹಾಲೆಂಡ್ ಕಂಪನಿಯ ಸರ್ವೇಯರ್ ಜೋಸೆಫ್ ಎಲಿಕಟ್ ಮತ್ತು ರೆಡ್ ಜಾಕೆಟ್ ಒಂದು ಮರದ ದಿಮ್ಮಿ ಮೇಲೆ ಕೂತಿದ್ದರಂತೆ. ಸ್ವಲ್ಪ ಆಚೆ ಸರಿ ಅಂದ ರೆಡ್ ಜಾಕೆಟ್. ಸರಿದ. ಮತ್ತೆ ಸರಿ ಅಂದ. ಸರಿದ. ಇನ್ನೂ ಸರಿ. ಸರಿದರೆ ದಿಮ್ಮಿ ಮುಗಿಯಿತು, ಬೀಳ್ತೇನಲ್ಲ ಅಂದ ಎಲಿಕಟ್. ನೀವು ನಮಗೆ ಹೇಳ್ತಿರೋದೂ ಅದನ್ನೇ ಅಂದನಂತೆ.

ಗಡಿನಾಡಿನವ:
ಕಥೆ ಚೆನ್ನಾಗಿದೆ. ಈಗ ನಾನು ಒಂದು ಕಹಿ ವಿಷಯ ತೆಗೀತೀನಿ. 1824ರಲ್ಲಿ ಈ ಮನುಷ್ಯ ಮಿಷನ್‌ನವರನ್ನು ಮೀಸಲಿನಿಂದ ಹೊರಗೆ ಹಾಕಿಸಿದ. ಶಾಲೆ ಮುಚ್ಚಿತು. ಓದುತ್ತಿದ್ದವು ಸೆನೆಕಾ ಮಕ್ಕಳೇ. ಇದೂ ಹೋರಾಟವಾ?

ಇನ್ನೊಂದು. 1821ರಲ್ಲಿ ಒಬ್ಬ ಹೆಂಗಸನ್ನು ಮಾಟಗಾತಿ ಅಂತ ಸೆನೆಕಾ ಸಭೆ ತೀರ್ಮಾನಿಸಿತು. ಟಾಮಿ ಜೆಮ್ಮಿ ಅನ್ನೋ ಮುಖಂಡ ಅವಳನ್ನು ಕೊಂದ. ನ್ಯೂಯಾರ್ಕ್ ಅವನ ಮೇಲೆ ಕೊಲೆ ಕೇಸು ಹಾಕಿತು. ರೆಡ್ ಜಾಕೆಟ್ ಕೋರ್ಟಿಗೆ ಹೋಗಿ ಕೊಂದವನ ಪರ ನಿಂತ. ಆ ಹೆಂಗಸಿನ ಪರ ಯಾರು ನಿಂತರು?

ನೇರಳೆಮರ:
ಯಾರೂ ನಿಲ್ಲಲಿಲ್ಲ. ಅದು ನಿಜ, ಕೆಟ್ಟದ್ದು. ಅದಕ್ಕೆ ಬಣ್ಣ ಹಚ್ಚುವುದು ಬೇಡ.

ಅದರಲ್ಲಿ ಇನ್ನೂ ವಿಚಿತ್ರ ಏನೆಂದರೆ ಸುಮಾರು ಇಪ್ಪತ್ತು ವರ್ಷದ ಹಿಂದೆ ಇದೇ ರೆಡ್ ಜಾಕೆಟ್ ಮೇಲೆ ಮಾಟದ ಆರೋಪ ಬಂದಿತ್ತು. ಹೊರಿಸಿದವನು ಹ್ಯಾಂಡ್ಸಮ್ ಲೇಕ್. ಕಾರ್ನ್‌ಪ್ಲಾಂಟರ್‌ನ ಮಲಸಹೋದರ, 1799ರಲ್ಲಿ ದರ್ಶನವಾಗಿ ಹೊಸ ಬೋಧನೆ ಶುರು ಮಾಡಿದವನು. ಕುಡಿತ ಬಿಡಿ, ಸಂಸಾರ ನೋಡಿ, ಹಳೆಯ ಹಬ್ಬ ಬಿಡಬೇಡಿ ಅನ್ನೋ ಬೋಧನೆ. ಇವತ್ತಿಗೂ ಅದನ್ನು ಪಾಲಿಸುವವರು ಇದ್ದಾರೆ. ರೆಡ್ ಜಾಕೆಟ್ ಸುಮಾರು ಮೂರು ಗಂಟೆ ಮಾತಾಡಿ ಆ ಆರೋಪದಿಂದ ಬಿಡಿಸಿಕೊಂಡ. ಜೀವ ಉಳಿಸಿಕೊಂಡ ಅಂತಲೇ ಹೇಳಬೇಕು. ಅಂಥವನಿಗೆ ಆ ಹೆಂಗಸಿನ ಸ್ಥಿತಿ ಅರ್ಥವಾಗಬೇಕಿತ್ತಲ್ವಾ?

ಲೆಕ್ಕದಪುಸ್ತಕ:
ಕೋರ್ಟಿನಲ್ಲಿ ಅವನು ಎತ್ತಿದ ಪ್ರಶ್ನೆ ಬೇರೆ. ನಮ್ಮ ನೆಲದಲ್ಲಿ ನಮ್ಮ ಸಭೆ ಕೊಟ್ಟ ತೀರ್ಪನ್ನು ವಿಚಾರಿಸುವ ಅಧಿಕಾರ ನಿಮಗೆಲ್ಲಿಯದು? ಮಾಟ ನಂಬುವ ಮೂಢರು ಅಂತ ವಕೀಲರು ನಕ್ಕಾಗ ಅವನು ತಿರುಗಿ ಕೇಳಿದ. ನಿಮ್ಮ ಸೇಲಮ್ ಊರಿನಲ್ಲಿ ಇದೇ ನಂಬಿಕೆಗೆ ಜನರನ್ನು ಕೊಂದಿರಿ, ನಿಮ್ಮ ಪಾದ್ರಿಗಳು ಬೋಧಿಸಿದರು, ನಿಮ್ಮ ನ್ಯಾಯಾಧೀಶರು ತೀರ್ಪು ಕೊಟ್ಟರು.

ಮುಂದಾದದ್ದು ಏನು? ಆಗ ಇದ್ದ ಕಾನೂನಿನಲ್ಲಿ ರಾಜ್ಯಕ್ಕೆ ಅಧಿಕಾರ ಇದೆ ಅಂತ ತೋರಿಸುವುದು ಸುಲಭ ಇರಲಿಲ್ಲ. 1822ರಲ್ಲಿ ನ್ಯೂಯಾರ್ಕ್ ಒಂದು ಕಾನೂನು ಮಾಡಿ ಮೀಸಲಿನ ಅಪರಾಧಗಳೂ ತನ್ನ ಕೈಗೆ ಅಂತ ಘೋಷಿಸಿತು. ಅದರಲ್ಲೇ ಟಾಮಿ ಜೆಮ್ಮಿಗೆ ಕ್ಷಮೆಯನ್ನೂ ಕೊಟ್ಟಿತು. ಕೈದಿಯನ್ನು ಬಿಟ್ಟರು, ಅಧಿಕಾರ ತಗೊಂಡರು. ರೆಡ್ ಜಾಕೆಟ್ ಗೆದ್ದು ಸೋತ ಕೇಸು ಅದು.

1824ರ ವಿಷಯವೂ ಕಾನೂನಿನ ಆಟವೇ. ಮೂಲನಿವಾಸಿಗಳ ಜಾಗದಲ್ಲಿ ಬಿಳಿಯರು ವಾಸ ಮಾಡಬಾರದು ಅಂತ 1821ರಲ್ಲಿ ನ್ಯೂಯಾರ್ಕ್ ಒಂದು ಕಾನೂನು ಮಾಡಿತ್ತು. ಅವನು ಅದನ್ನೇ ಮಿಷನ್ ಮೇಲೆ ಹೂಡಿದ. ಅವರ ಕಾನೂನು, ಅವರ ಪಾದ್ರಿ. ಮಕ್ಕಳ ಓದಿಗೆ ಏಟು ಬಿತ್ತು, ಒಪ್ಪುತ್ತೇನೆ. ಕೆಲ ಕಾಲದಲ್ಲೇ ಮಿಷನ್ ವಾಪಸ್ ಬಂತು ಅನ್ನೋದು ಬೇರೆ.

ನಿರ್ವಾಹಕರು:
ಚರ್ಚೆ ಚೆನ್ನಾಗಿ ನಡೀತಿದೆ. ಇಲ್ಲಿ ಇವತ್ತಿನ ಮತಾಂತರ ರಾಜಕೀಯ ಎಳೆದ ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ. ಬಫಲೋ ಕ್ರೀಕ್ ಬಿಟ್ಟು ಹೋಗಬೇಡಿ ದಯವಿಟ್ಟು.

ಕೆರೆದಂಡೆ:
ಕೊನೆಯ ವರ್ಷಗಳು ನೋವಿನವು. 1826ರಲ್ಲಿ ಓಗ್ಡೆನ್ ಕಂಪನಿ ಕೊನೆಗೂ ಸುಮಾರು 87,000 ಎಕರೆ ಬರೆಸಿಕೊಂಡಿತು. ಜೆನೆಸೀ ನದಿಯ ಕಡೆಯ ಮೀಸಲುಗಳೆಲ್ಲ ಹೋದವು. ಲಂಚ, ಬೆದರಿಕೆ ಎರಡೂ ನಡೆದಿತ್ತು. ರೆಡ್ ಜಾಕೆಟ್ ದೂರು ಒಯ್ದ. ಸೆನೆಟ್ ಆ ಒಪ್ಪಂದವನ್ನು ಕೊನೆಗೂ ಅನುಮೋದಿಸಲಿಲ್ಲ. ಆದರೂ ಜಾಗ ವಾಪಸ್ ಬರಲಿಲ್ಲ!

1827ರಲ್ಲಿ ಕ್ರೈಸ್ತರಾಗಿದ್ದ ಸೆನೆಕಾ ಮುಖಂಡರು ಸೇರಿ ಅವನನ್ನು ಮುಖಂಡನ ಸ್ಥಾನದಿಂದ ಇಳಿಸಿದರು. ಒಡಕು ಹುಟ್ಟಿಸುತ್ತಾನೆ, ಸುಧಾರಣೆಗೆ ಅಡ್ಡ ಬರುತ್ತಾನೆ ಅಂತ. ಆ ವಯಸ್ಸಿನಲ್ಲಿ ವಾಷಿಂಗ್ಟನ್ನಿಗೆ ಹೋಗಿ ಬಂದ. ಮತ್ತೆ ಸಭೆ ಕರೆಸಿ ಸ್ಥಾನ ವಾಪಸ್ ಪಡೆದ. ಅದೂ ಮಾತಾಡಿಯೇ.

ಕುಡಿತ ಇತ್ತು. ಬಿಳಿಯರು ಕೊಟ್ಟ ವಿಷ ಅಂತ ಹೇಳಿದವನೇ ಅದಕ್ಕೆ ಸಿಕ್ಕಿಬಿದ್ದಿದ್ದ. ಮಕ್ಕಳು ಒಬ್ಬೊಬ್ಬರಾಗಿ ಕ್ಷಯದಿಂದ ಸತ್ತರು. ಮಕ್ಕಳು ಹೇಗಿದ್ದಾರೆ ಅಂತ ಹಳೆಯ ಪರಿಚಯದ ಹೆಂಗಸೊಬ್ಬಳು ಕೇಳಿದಾಗ, ರೆಡ್ ಜಾಕೆಟ್ ಕಾಡಿನಲ್ಲಿ ಎತ್ತರದ ಪೈನ್ ಮರವಾಗಿದ್ದ, ಕುಡಿದು ಕೆಟ್ಟ, ಸಿಡಿಲು ಅದರ ಕೊಂಬೆಗಳನ್ನೆಲ್ಲ ಕಿತ್ತುಹಾಕಿತು ಅಂದನಂತೆ. ಎರಡನೇ ಹೆಂಡತಿ ಕ್ರೈಸ್ತಳಾದಳು. ಸಿಟ್ಟಾಗಿ ಮನೆ ಬಿಟ್ಟು ಹೋದ. ಕೆಲವು ತಿಂಗಳ ಮೇಲೆ ತಾನೇ ವಾಪಸ್ ಬಂದ.

ಸಾಯುವ ಮೊದಲು ಹೇಳಿದ್ದು ಒಂದೇ. ನಮ್ಮ ಪದ್ಧತಿಯಂತೆ ಮಣ್ಣು ಮಾಡಿ, ನನ್ನ ಗುಂಡಿಯನ್ನು ಬಿಳಿಯ ತೋಡಬಾರದು, ಅಲ್ಲಿಗಾದರೂ ಅವರು ನನ್ನ ಬೆನ್ನು ಹತ್ತದಿರಲಿ.

ಸುಮ್ನೆಓದುಗ:
ಹಾಗೇ ಮಾಡಿದರಾ?

ಕೆರೆದಂಡೆ:
ಇಲ್ಲ. ಕ್ರೈಸ್ತ ವಿಧಿಯಂತೆ ಮಿಷನ್ ಸ್ಮಶಾನದಲ್ಲಿ ಹೂಳಿದರು. ಆಮೇಲೆ ಆ ಜಾಗವೇ ಕೈತಪ್ಪಿತು. ಮೂಳೆಗಳನ್ನು ತೆಗೆದು ಬೇರೆ ಕಡೆ ಇಟ್ಟಿದ್ದರು. 1884ರ ಅಕ್ಟೋಬರ್ 9ರಂದು ಬಫಲೋ ಇತಿಹಾಸ ಸಂಘದವರು ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಭಾರೀ ಸಮಾರಂಭ ಮಾಡಿ ಮತ್ತೆ ಹೂಳಿದರು. ಆಮೇಲೆ ಪ್ರತಿಮೆಯೂ ಎದ್ದಿತು. ನಾನು ಸತ್ತ ಮೇಲೆ ಬಿಳಿಯರ ಕುಯುಕ್ತಿ, ದುರಾಸೆ ಗೆಲ್ಲುತ್ತದೆ, ನನ್ನ ಜನ ಚದುರಿ ಮರೆತುಹೋಗುತ್ತಾರೆ ಅನ್ನೋ ಅರ್ಥದ ಅವನದೇ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ. ಕೆತ್ತಿಸಿದವರು ಬಿಳಿಯರು. ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಂಶಯರಾಯ:
ನನಗೆ ಆ ಕೆತ್ತನೆ ಬಗ್ಗೆಯೇ ತಕರಾರು. ‘ಮರೆತುಹೋದ ಜನಾಂಗ’ ಅಂತ ಬರೆದುಬಿಟ್ಟರೆ ಬರೆಸಿದವರಿಗೆ ಆರಾಮ. ಇನ್ನು ಯಾರಿಗೂ ಬಾಕಿ ಕೊಡಬೇಕಿಲ್ಲ. ಆದರೆ ಅವರು ಮರೆತುಹೋಗಲಿಲ್ಲ. 1838ರಲ್ಲಿ ಓಗ್ಡೆನ್ ಕಂಪನಿ ಮೋಸದ ಒಪ್ಪಂದದಿಂದ ಉಳಿದ ನಾಲ್ಕೂ ಮೀಸಲುಗಳನ್ನು ನುಂಗಲು ನೋಡಿತು. ಗಲಾಟೆ ಎದ್ದು 1842ರಲ್ಲಿ ಅಲಿಗೇನಿ, ಕ್ಯಾಟರಾಗಸ್ ಎರಡು ವಾಪಸ್ ಬಂದವು. ಟಾನವಾಂಡದವರು ಜಾಗ ಬಿಟ್ಟು ಕದಲಲಿಲ್ಲ. 1857ರಲ್ಲಿ ತಮ್ಮದೇ ನೆಲವನ್ನು ದುಡ್ಡು ಕೊಟ್ಟು ಬಿಡಿಸಿಕೊಂಡರು, ಏಳೂವರೆ ಸಾವಿರ ಎಕರೆ. ಬಫಲೋ ಕ್ರೀಕ್ ಮಾತ್ರ ಹೋಯಿತು. ಅದೇ ಜಾಗದ ಮೇಲೆ ಈಗ ಬಫಲೋ ನಗರದ ದಕ್ಷಿಣ ಭಾಗ ನಿಂತಿದೆ.

ನೇರಳೆಮರ:
ಟಾನವಾಂಡದ ಆ ಹೋರಾಟದಲ್ಲಿ ಓಡಾಡಿದ ಹುಡುಗ ಈಲಿ ಪಾರ್ಕರ್. ಆಮೇಲೆ ಅಂತರ್ಯುದ್ಧದಲ್ಲಿ ಜನರಲ್ ಗ್ರ್ಯಾಂಟ್‌ನ ಸಹಾಯಕ. 1865ರಲ್ಲಿ ದಕ್ಷಿಣದ ಸೈನ್ಯ ಶರಣಾದಾಗ ಶರತ್ತುಗಳ ಪ್ರತಿ ಬರೆದ ಕೈ ಅವನದು. ಅವನ ಎದೆ ಮೇಲೆ ಒಂದು ದೊಡ್ಡ ಬೆಳ್ಳಿ ಪದಕ ಇರುತ್ತಿತ್ತು. 1792ರಲ್ಲಿ ವಾಷಿಂಗ್ಟನ್ ಫಿಲಡೆಲ್ಫಿಯಾದಲ್ಲಿ ರೆಡ್ ಜಾಕೆಟ್‌ಗೆ ಕೊಟ್ಟದ್ದು ಅದು. ಚಿತ್ರಗಳಲ್ಲಿ ರೆಡ್ ಜಾಕೆಟ್ ಎದೆಯಲ್ಲೂ ಅದೇ ಕಾಣುತ್ತದೆ. ಪಾರ್ಕರ್ ತೀರಿಹೋದ ಮೇಲೆ ಪದಕ ಬಫಲೋದ ಇತಿಹಾಸ ಸಂಘದ ಕೈಗೆ ಬಂತು. ನೂರಕ್ಕೂ ಹೆಚ್ಚು ವರ್ಷ ಅಲ್ಲೇ ಇತ್ತು. 2021ರಲ್ಲಿ ಸೆನೆಕಾ ನೇಷನ್‌ಗೆ ವಾಪಸ್ ಕೊಟ್ಟರು. ಈಗ ಸಲಮಾಂಕಾದಲ್ಲಿ ಅವರದೇ ವಸ್ತುಸಂಗ್ರಹಾಲಯದಲ್ಲಿದೆ.

ಗಡಿನಾಡಿನವ:
ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಮನುಷ್ಯನಲ್ಲಿ ಅಹಂಕಾರ ಇತ್ತು, ಹಣದ ಆಸೆ ಇತ್ತು. ಆದರೆ 1819 ನನಗೆ ಗೊತ್ತಿರಲಿಲ್ಲ. ಅದು ದೊಡ್ಡದು.

ತಟ್ಟೆಇಡ್ಲಿ_ರಾಚೆಸ್ಟರ್:
ಬಂದೆ. ಬಟ್ಟೆ ವಿಷಯ.

ಒಪ್ಪಂದದಲ್ಲಿ ಬರೆದದ್ದು 4,500 ಡಾಲರ್. ಇವತ್ತಿಗೂ ಅಷ್ಟೇ. ಬೆಲೆ ಏರಿದ ಹಾಗೆ ಮೊತ್ತ ಏರಿಲ್ಲ. ಹಾಗಾಗಿ ಬಟ್ಟೆ ವರ್ಷ ವರ್ಷ ಕಡಿಮೆಯಾಗುತ್ತಾ ಬಂದಿದೆ. ಈಗ ಬರುವುದು ತೆಳು ಮಸ್ಲಿನ್. ಬಟ್ಟೆ ಬದಲು ನಗದು ತಗೊಳ್ಳಿ ಅನ್ನೋ ಮಾತೂ ಬಂದಿತ್ತು. ಬೇಡ ಅಂದರು. ಬಟ್ಟೆ ಬರುತ್ತಿರುವವರೆಗೆ ಒಪ್ಪಂದ ಜಾರಿಯಲ್ಲಿದೆ ಅನ್ನೋದು ಅವರ ವಾದ.

ಆದರೆ ಅದೇ ಒಪ್ಪಂದ 1960ರ ದಶಕದಲ್ಲಿ ಉಪಯೋಗಕ್ಕೆ ಬರಲಿಲ್ಲ. ಪಿಟ್ಸ್‌ಬರ್ಗ್ ಕಡೆಗೆ ಪ್ರವಾಹ ಬಾರದಿರಲಿ ಅಂತ ಅಲಿಗೇನಿ ನದಿಗೆ ಕಿನ್‌ಜುವಾ ಅಣೆಕಟ್ಟು ಕಟ್ಟಿದರು. ಸುಮಾರು 10,000 ಎಕರೆ ಸೆನೆಕಾ ನೆಲ ಮುಳುಗಿತು. ಸುಮಾರು 600 ಜನ ಮನೆ ಬಿಟ್ಟರು. ಕಾರ್ನ್‌ಪ್ಲಾಂಟರ್ ಸಮಾಧಿಯನ್ನೂ ಎತ್ತಿ ಬೇರೆ ಕಡೆ ಇಟ್ಟರು. ಬೇರೆ ಜಾಗದಲ್ಲಿ ಕಟ್ಟಬಹುದು ಅಂತ ಅನುಭವಿ ಎಂಜಿನಿಯರ್ ಒಬ್ಬರು ನಕ್ಷೆ ಸಮೇತ ತೋರಿಸಿದ್ದರು. ಸೆನೆಕಾದವರು ಅಧ್ಯಕ್ಷ ಕೆನಡಿವರೆಗೂ ಹೋದರು. 1961ರಲ್ಲಿ ಕೆನಡಿ ಆಗುವುದಿಲ್ಲ ಅಂತ ಬರೆದರು.

ಕೆಂಪುಛತ್ರಿ:
ಛೇ. ಅಲ್ಲಿಗೆ ಬರುವವರು ಏನೇನು ನೋಡಬಹುದು? ಅಕ್ಟೋಬರ್‌ನಲ್ಲಿ ತಂಗಿ ಮನೆಗೆ, ಬಫಲೋಗೆ ಬರ್ತಿದ್ದೇನೆ.

ತಟ್ಟೆಇಡ್ಲಿ_ರಾಚೆಸ್ಟರ್:
ಬಫಲೋದಲ್ಲಿ ಫಾರೆಸ್ಟ್ ಲಾನ್ ಊರೊಳಗೇ ಇದೆ. ರೆಡ್ ಜಾಕೆಟ್ ಪ್ರತಿಮೆ, ಪಕ್ಕದಲ್ಲೇ ಪಾರ್ಕರ್ ಸಮಾಧಿ. ಪದಕ ನೋಡಬೇಕು ಅಂದರೆ ದಕ್ಷಿಣಕ್ಕೆ ಸಲಮಾಂಕಾಗೆ ಹೋಗಬೇಕು. ರಾಚೆಸ್ಟರ್ ಕಡೆ ಬಂದರೆ ವಿಕ್ಟರ್ ಊರಿನ ಗನೊಂಡಾಗನ್ ಬಿಡಬೇಡಿ. 1687ರಲ್ಲಿ ಫ್ರೆಂಚರ ದಾಳಿಯಲ್ಲಿ ನಾಶವಾದ ಸೆನೆಕಾ ಊರು ಅದು. ಮರದ ತೊಗಟೆ ಹೊದಿಸಿದ ಉದ್ದ ಮನೆಯನ್ನು ಮತ್ತೆ ಕಟ್ಟಿದ್ದಾರೆ, ಒಳಗೆ ಹೋಗಬಹುದು. ಚಳಿಗೆ ದಪ್ಪ ಜಾಕೆಟ್ ತನ್ನಿ ಅಕ್ಕ, ಅಕ್ಟೋಬರ್ ಕೊನೆಗೆ ಇಲ್ಲಿ ಗಾಳಿ ಜೋರು. ನವೆಂಬರ್ 11ರವರೆಗೆ ಇದ್ದರೆ ಕ್ಯಾನನ್‌ಡೈಗ್ವಾಗೆ ಒಟ್ಟಿಗೆ ಹೋಗೋಣ, ಕಾರು ನನ್ನದಿದೆ.